ತೂತಿನ ಲೆಕ್ಕ

ಹೊಟ್ಟೆ ಆಪರೇಷನ್ ಆಗಿದೆ ಅಂದ ಕೂಡಲೇ ನಮ್ಮವರು ಕಾಯಿಲೆ ಯಾವುದು ಅಂತ ಕೇಳುವುದಿಲ್ಲ. "ಕೊಯ್ದು ಮಾಡಿದ್ದಾ, ದುರ್ಬೀನಲ್ಲಿ ಮಾಡಿದ್ದಾ?" ಅಂತಾರೆ. ದುರ್ಬೀನು ಅಂದರೆ ಲ್ಯಾಪರೋಸ್ಕೋಪಿ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ದುರ್ಬೀನಲ್ಲಿ ಅಂದರೆ ಮುಂದಿನ ಪ್ರಶ್ನೆ, "ಎಷ್ಟು ತೂತು?" ಮೂರು ಅಂದರೆ ಮುಖ ಸಡಿಲವಾಗುತ್ತದೆ. "ಓ, ಹಾಗಾದ್ರೆ ದೊಡ್ಡದೇನಲ್ಲ ಬಿಡು." ಮಾತು ಅಲ್ಲಿಗೆ ಮುಗಿಯಿತು. ಮಾಟುಂಗದಲ್ಲಿ ಕನ್ನಡ ನಾಟಕ ನೋಡಲು ಹೋದಾಗ, ಡೊಂಬಿವಿಲಿಯ ನಮ್ಮ ಸೊಸೈಟಿಯ ಗಣಪತಿ ಪೂಜೆಯಲ್ಲಿ, ಕುಂದಾಪುರದ ಕಡೆಯ ಮದುವೆ ಮನೆಗಳಲ್ಲಿ, ಎಲ್ಲಾ ಕಡೆ ಇದೇ ಸಂಭಾಷಣೆ, ಜನ ಮಾತ್ರ ಬೇರೆ. ನನ್ನ ಸಣ್ಣ ಕರುಳಿನ ಕೊನೆಯ ತುಂಡು, ದೊಡ್ಡ ಕರುಳಿನ ಮೊದಲ ತುಂಡು, ಜೊತೆಗೆ ಅಪೆಂಡಿಕ್ಸ್, ಇಷ್ಟನ್ನೂ ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿದ್ದಾರೆ. ಆದರೆ ಹೊರಗಡೆ ಕಾಣುವುದು ಮೂರು ಚುಕ್ಕೆ ಮತ್ತು ಹೊಕ್ಕುಳ ಹತ್ತಿರ ಒಂದು ಸಣ್ಣ ಗೆರೆ. ನೋಡುವವರಿಗೆ ಲೆಕ್ಕ ಸಿಗುವುದು ಚುಕ್ಕೆಯಲ್ಲಿ ಮಾತ್ರ.

ನನಗೆ ಸಿಟ್ಟೇನಿಲ್ಲ. ಜನ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇದೆ. ಸಣ್ಣ ತೂತು ನನಗೆ ನಿಜವಾಗಿ ಏನು ಕೊಟ್ಟಿತು? ಏನು ಕೊಡಲಿಲ್ಲ? ಯಾಕೆಂದರೆ ನನ್ನ ಹಾಗೆ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಮತ್ತೆ ಮತ್ತೆ ಉರಿಯೂತ, ಹುಣ್ಣು) ಇರುವವರಿಗೆ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದ ಹುಣ್ಣು) ಇರುವವರಿಗೆ ಈ ಆಪರೇಷನ್ ಪಿತ್ತಕೋಶದ ಆಪರೇಷನ್ ಇದ್ದ ಹಾಗೆ ಇಲ್ಲ. ಪಿತ್ತಕೋಶ ತೆಗೆದರೆ ಕಥೆ ಮುಗಿಯಿತು. ನಮ್ಮದು ಹಾಗೆ ಮುಗಿಯುವ ಕಥೆ ಅಲ್ಲ.

ಸ್ಲೋ ಲೋಕಲ್

ಮುಂಬೈ ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ. ಇದು ಎಲ್ಲರಿಗೂ ಗೊತ್ತು, ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ, ಕರುಳಿನ ಕಾಯಿಲೆ ಬರುವವರೆಗೆ. ಡೊಂಬಿವಿಲಿಯಿಂದ ಲೈನಿನ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಫಾಸ್ಟ್ ಹಿಡಿದರೂ ಒಂದು ಗಂಟೆ ದಾಟುತ್ತದೆ. ನಮ್ಮ ಲೇಡೀಸ್ ಡಬ್ಬದ ಗುಂಪು 8ರ ಆಸುಪಾಸಿನ ಫಾಸ್ಟ್ ಹಿಡಿಯುತ್ತಿತ್ತು. ನಾನು ಮೆಲ್ಲಗೆ ಅವರಿಂದ ಕಳಚಿಕೊಂಡೆ. ಸ್ಲೋ ಹಿಡಿಯಲು ಶುರು ಮಾಡಿದೆ. ಸ್ಲೋ ಪ್ರತಿ ಸ್ಟೇಷನ್‌ನಲ್ಲಿ ನಿಲ್ಲುತ್ತದೆ, ಬೇಕಾದಲ್ಲಿ ಇಳಿಯಬಹುದು. ಗೆಳತಿಯರು ನನಗೆ ಅಹಂಕಾರ ಬಂತು ಅಂದುಕೊಂಡರು. ಒಬ್ಬಳು ಕೇಳಿಯೂ ಬಿಟ್ಟಳು, ಯಾರನ್ನಾದರೂ ಭೇಟಿ ಮಾಡಲು ಸ್ಲೋದಲ್ಲಿ ಹೋಗ್ತೀಯಾ ಅಂತ. ಹೌದು, ಮುಲುಂಡ್ ಪ್ಲಾಟ್‌ಫಾರ್ಮಿನ ಶೌಚಾಲಯದ ಅಜ್ಜಿಯನ್ನು! ಆಕೆಗೆ ನನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಚಿಲ್ಲರೆ ಆಮೇಲೆ ಕೊಡು ಅನ್ನುವಂತೆ ಕೈ ಬೀಸುತ್ತಿದ್ದಳು. ಆ ದಿನಗಳಲ್ಲಿ ನನ್ನ ತಲೆಯೊಳಗೆ ಸೆಂಟ್ರಲ್ ಲೈನಿನ ಒಂದು ಬೇರೆಯೇ ನಕ್ಷೆ ಇತ್ತು. ಯಾವ ಸ್ಟೇಷನ್‌ನಲ್ಲಿ ಬಾಗಿಲಿಗೆ ಚಿಲಕ ಇದೆ, ಎಲ್ಲಿ ನೀರು ಬರುತ್ತದೆ, ಎಲ್ಲಿ ಸೇತುವೆ ಹತ್ತಿ ಆಚೆ ಹೋಗಬೇಕು, ಇದೆಲ್ಲ. ಬೆಳಿಗ್ಗೆ ತಿಂಡಿ ತಿನ್ನುವುದನ್ನೇ ಬಿಟ್ಟಿದ್ದೆ. ಮಧ್ಯಾಹ್ನ ತಿಂದರೆ ಹೊಟ್ಟೆಯ ಬಲಗಡೆ ಕೆಳಗೆ ಹಿಂಡಿದ ಹಾಗೆ ನೋವು, ಆಮೇಲೆ ಒಳಗೆ ಗುಡುಗುಡು ಸದ್ದು, ಆಮೇಲೆ ಓಟ. ಕೆಲವು ದಿನ ಓಟವೂ ಇಲ್ಲ, ಬರೀ ಉಬ್ಬರ ಮತ್ತು ವಾಂತಿ. ಕರುಳು ಕಿರಿದಾಗುತ್ತಾ ಬಂದಿದೆ ಅಂತ ಆಮೇಲೆ ತಿಳಿಯಿತು. ತೂಕ ಇಳಿಯುತ್ತಿತ್ತು. ಆಫೀಸಿನವರು ಮಾತ್ರ ಯಾವ ಡಯಟ್ ಅಂತ ಕೇಳುತ್ತಿದ್ದರು.

ಮೊದಲು ಕ್ಷಯ, ಆಮೇಲೆ ಕ್ರೋನ್ಸ್

ನಮ್ಮ ದೇಶದಲ್ಲಿ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣು ಕಂಡರೆ ಡಾಕ್ಟರಿಗೆ ಎರಡು ಹೆಸರು ನೆನಪಾಗುತ್ತವೆ, ಟಿಬಿ ಮತ್ತು ಕ್ರೋನ್ಸ್. ಇವೆರಡೂ ಒಂದೇ ಜಾಗದಲ್ಲಿ ಬರುತ್ತವೆ. ಎರಡಕ್ಕೂ ಜ್ವರ, ತೂಕ ಇಳಿಯುವುದು, ಹೊಟ್ಟೆ ನೋವು. ಸ್ಕೋಪ್ (ಕ್ಯಾಮೆರಾ ಇರುವ ನಳಿಕೆ) ಹಾಕಿ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಎಷ್ಟೋ ಸಲ ತೀರ್ಮಾನ ಆಗುವುದಿಲ್ಲ. ಆಗ ಏನು ಮಾಡುತ್ತಾರೆ? ಮೊದಲು ಟಿಬಿ ಮಾತ್ರೆ ಕೊಟ್ಟು ನೋಡುತ್ತಾರೆ, ಕೆಲವು ತಿಂಗಳ ನಂತರ ಮತ್ತೆ ಸ್ಕೋಪ್ ಹಾಕಿ ಹುಣ್ಣು ಒಣಗಿದೆಯಾ ಅಂತ ನೋಡುತ್ತಾರೆ. ಇದನ್ನು ಕೇಳಿ ಎಷ್ಟೋ ರೋಗಿಗಳು ಡಾಕ್ಟರಿಗೆ ಗೊತ್ತೇ ಇರಲಿಲ್ಲ ಅಂತ ಬೈಯುತ್ತಾರೆ. ನಾನು ಬೈಯಲಾರೆ. ಕ್ರೋನ್ಸ್ ಅಂದುಕೊಂಡು, ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡ್ ಕೊಟ್ಟು, ಒಳಗೆ ಇದ್ದದ್ದು ಟಿಬಿ ಆಗಿದ್ದರೆ ಅದು ಮೈಯೆಲ್ಲ ಹರಡಬಹುದು. ಅದಕ್ಕಿಂತ ಈ ದಾರಿ ಮೇಲು. ಆದರೆ ಆ ತಿಂಗಳುಗಳು ರೋಗಿಯ ಪಾಲಿಗೆ ಖರ್ಚಾಗುತ್ತವೆ, ಅದೂ ನಿಜ. ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದು ನೋಡಿ ಅಮ್ಮ ಹೌಹಾರಿದ್ದರು. ಹುಣ್ಣು ಒಣಗಲಿಲ್ಲ. ಆಮೇಲೆ ಕ್ರೋನ್ಸ್ ಅಂದರು, ಸ್ಟಿರಾಯ್ಡ್ ಶುರುವಾಯಿತು, ಮುಖ ಊದಿಕೊಂಡಿತು, ಊರಲ್ಲಿ ಎಲ್ಲರೂ "ಈಗ ಸ್ವಲ್ಪ ಗುಂಡಗಾಗಿದ್ದಾಳೆ, ಚೆನ್ನಾಗಿದ್ದಾಳೆ" ಅಂದರು.

ಕ್ರೋನ್ಸ್ ಅನ್ನುವ ಹೆಸರಿಗೆ ಮೂಲ 1932ರ ಒಂದು ಲೇಖನ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಒಪನ್‌ಹೈಮರ್ ಮೂವರೂ ಸೇರಿ ಬರೆದ ಲೇಖನ ಅದು, ಹೆಸರು ಉಳಿದದ್ದು ಒಬ್ಬರದ್ದೇ. (ಲೇಖಕರ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕಿದ್ದರಂತೆ. ಸರ್‌ನೇಮ್ ಯಾವ ಅಕ್ಷರದಿಂದ ಶುರುವಾಗುತ್ತೆ ಅನ್ನೋದೂ ಒಂದು ಅದೃಷ್ಟ!) ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಇದೇ ಕಾಯಿಲೆಯಿಂದ ಕರುಳು ಕಟ್ಟಿಕೊಂಡು 1956ರ ಜೂನ್‌ನಲ್ಲಿ ರಾತ್ರೋರಾತ್ರಿ ಆಪರೇಷನ್ ಆಯಿತು. ಕಾಯಿಲೆ ಬಂದ ತುಂಡನ್ನು ತೆಗೆಯಲಿಲ್ಲ, ಅದನ್ನು ಬಿಟ್ಟು ಪಕ್ಕದಿಂದ ಸುತ್ತಿ ಹೋಗುವ ಹಾಗೆ ಬೈಪಾಸ್ ಮಾಡಿದರು. ಅದೇ ನವೆಂಬರ್‌ನಲ್ಲಿ ಅವರು ಚುನಾವಣೆ ಗೆದ್ದರು. ಹೊಟ್ಟೆ ಉದ್ದಕ್ಕೆ ಕೊಯ್ದಿದ್ದ ಕಾಲ ಅದು, ಆಗ ಅವರಿಗೆ ಅರವತ್ತೈದು ದಾಟಿತ್ತು.

ಟಿಬಿ ಮತ್ತು ಕ್ರೋನ್ಸ್‌ನ ಈ ಹೆಣೆದುಕೊಂಡ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ತಿರುವು ಇದೆ. ಕರುಳು ಅಲ್ಲಲ್ಲಿ ಕಿರಿದಾದರೆ ಪ್ರತಿ ತುಂಡನ್ನೂ ಕತ್ತರಿಸುತ್ತಾ ಹೋದರೆ ಕೊನೆಗೆ ಊಟ ಜೀರ್ಣವಾಗಲು ಕರುಳೇ ಉಳಿಯುವುದಿಲ್ಲ. ಅದಕ್ಕೆ ಕಿರಿದಾದ ಜಾಗವನ್ನು ಉದ್ದಕ್ಕೆ ಕೊಯ್ದು ಅಡ್ಡಕ್ಕೆ ಹೊಲಿಯುತ್ತಾರೆ. ಏನನ್ನೂ ತೆಗೆಯದೆ ದಾರಿ ಅಗಲವಾಗುತ್ತದೆ. ಇದಕ್ಕೆ ಸ್ಟ್ರಿಕ್ಚರೋಪ್ಲಾಸ್ಟಿ ಅಂತಾರೆ. ಕರುಳಿನ ಟಿಬಿಗೆ ಇದನ್ನು ಮಾಡಿ 1977ರಲ್ಲಿ ಪ್ರಕಟಿಸಿದವರು ಕಟಾರಿಯಾ ಮತ್ತು ಅವರ ಜೊತೆಗಾರರು, ನಮ್ಮ ದೇಶದ ಸರ್ಜನ್‌ಗಳು. ಕೆಲವು ವರ್ಷಗಳ ನಂತರ ಆಕ್ಸ್‌ಫರ್ಡಿನ ಇಮ್ಯಾನ್ಯುಯೆಲ್ ಲೀ ಅದನ್ನೇ ಕ್ರೋನ್ಸ್‌ಗೆ ಬಳಸಿದರು. ಈಗ ಜಗತ್ತಿನ ಎಲ್ಲಾ ಕಡೆ ಕ್ರೋನ್ಸ್ ರೋಗಿಗಳಿಗೆ ಇದು ಗೊತ್ತಿರುವ ದಾರಿ. ನಮ್ಮ ಬಡವರ ಕಾಯಿಲೆಗೆ ಕಂಡುಕೊಂಡ ಹೊಲಿಗೆ ಅವರ ಕಾಯಿಲೆಗೂ ಆಯಿತು.

ಅಮ್ಮ ಕೇಳಿದ್ದು, ಸರ್ಜನ್ ಹೇಳಿದ್ದು

ಕೊರೊನಾ ಬರುವ ಹಿಂದಿನ ವರ್ಷ. ಮಾತ್ರೆಗಳಿಂದ ಹುಣ್ಣು ಸ್ವಲ್ಪ ತಗ್ಗಿತ್ತು, ಕಿರಿದಾದದ್ದು ಕಿರಿದಾಗಿಯೇ ಇತ್ತು. ಎಂಆರ್ ಎಂಟರೋಗ್ರಫಿ ಅಂತ ಒಂದು ಸ್ಕ್ಯಾನ್ ಮಾಡಿಸಿದರು. ಸರ್ಜನ್ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕೇಸ್ ಪೇಪರಿನ ಹಿಂದೆ ಪೆನ್ನಿನಲ್ಲಿ ಕರುಳು ಬರೆದರು. ನಾನು, ಅಮ್ಮ, ದೊಡ್ಡಮ್ಮ ಮೂವರೂ ಎರಡು ಕುರ್ಚಿಯಲ್ಲಿ ಕೂತಿದ್ದೆವು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ತಾನೇ ಕೇಳಬೇಕು ಅಂತ ತಯಾರಾಗಿ ಬಂದಿದ್ದರು. ಕೇಳಿದ್ದು ಒಂದೇ, ಕಲೆ ಉಳಿಯುತ್ತದಾ ಅಂತ. ನನಗಿನ್ನೂ ಮದುವೆ ಆಗಿರಲಿಲ್ಲ. ದೊಡ್ಡಮ್ಮ ಪಕ್ಕದಿಂದ, "ಸೀರೆ ಉಟ್ರೆ ಕಾಣೂಕಾಗ, ಅಷ್ಟು ಹೇಳು" ಅಂತ ನನಗೆ ಕನ್ನಡದಲ್ಲಿ ಹೇಳಿಕೊಟ್ಟರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮೇಡಂ ನಗಲಿಲ್ಲ. ಪೆನ್ ಕೆಳಗಿಟ್ಟು ನಿಧಾನವಾಗಿ ಹೇಳಿದರು. ಹೊರಗಿನ ಕಲೆ ಸಣ್ಣದಾಗಿರುತ್ತದೆ, ಅದರ ಚಿಂತೆ ಬಿಡಿ. ನನಗೆ ಚಿಂತೆ ಇರುವುದು ಒಳಗಿನ ಕಲೆಯದ್ದು. ಹೊಟ್ಟೆ ತೆರೆದು ಕೈ ಹಾಕಿದಷ್ಟೂ ಒಳಗೆ ಕರುಳು ಕರುಳಿಗೆ, ಕರುಳು ಗೋಡೆಗೆ ಅಂಟಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಇದು ಮುಂದೆ ಇನ್ನೊಮ್ಮೆ ಬೇಕಾಗಬಹುದು. ಆವತ್ತು ಒಳಗೆ ಹೋಗುವವರಿಗೆ ದಾರಿ ಇರಬೇಕು.

ಇನ್ನೊಮ್ಮೆ ಅನ್ನುವ ಮಾತು ಕೇಳಿ ಅಮ್ಮ ಅಲ್ಲೇ ಕುಗ್ಗಿಹೋದರು. ಆದರೆ ನನಗೆ ಆವತ್ತು ಮೊದಲ ಸಲ ಸಣ್ಣ ತೂತಿನ ಅರ್ಥ ಗೊತ್ತಾಯಿತು. ಕ್ರೋನ್ಸ್ ಆಪರೇಷನ್‌ನಿಂದ ವಾಸಿಯಾಗುವ ಕಾಯಿಲೆ ಅಲ್ಲ. ಕೆಟ್ಟ ತುಂಡು ತೆಗೆದರೆ, ಸೇರಿಸಿದ ಜಾಗದಲ್ಲೇ ಮತ್ತೆ ಹುಣ್ಣು ಶುರುವಾಗಬಹುದು. ಆದ್ದರಿಂದ ಇವತ್ತಿನ ಆಪರೇಷನ್ ಮಾಡುವವರು ನಾಳೆಯ ಆಪರೇಷನ್‌ಗೂ ಜಾಗ ಬಿಟ್ಟಿರಬೇಕು. ದೊಡ್ಡ ಕರುಳನ್ನೇ ತೆಗೆದು ಕಿಬ್ಬೊಟ್ಟೆಯ ಆಳದಲ್ಲಿ ಸಣ್ಣ ಕರುಳಿನಿಂದ ಚೀಲ ಮಾಡುವ ಕೊಲೈಟಿಸ್ ಆಪರೇಷನ್‌ನಲ್ಲಂತೂ ಇದು ಇನ್ನೂ ಮುಖ್ಯ. ಹೊಟ್ಟೆ ತೆರೆದು ಅದನ್ನು ಮಾಡಿಸಿಕೊಂಡ ಹೆಂಗಸರಲ್ಲಿ ಮಕ್ಕಳಾಗುವ ತೊಂದರೆ ಮೊದಲಿಗಿಂತ ಸುಮಾರು ಮೂರು ಪಟ್ಟು ಅಂತ ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಕಂಡಿತ್ತು, ಅಂಡನಾಳಗಳ ಸುತ್ತ ಅಂಟಿಕೊಳ್ಳುವುದು ಅದಕ್ಕೊಂದು ದೊಡ್ಡ ಕಾರಣ. ಲ್ಯಾಪರೋಸ್ಕೋಪಿಯಲ್ಲಿ ಮಾಡಿದಾಗ ಅಂಟುವುದು ಕಡಿಮೆ, ಮಕ್ಕಳಾಗುವ ಸಾಧ್ಯತೆಯೂ ಜಾಸ್ತಿ ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ಮದುವೆಯ ಚಿಂತೆ ಮಾಡುವ ಮನೆಯವರು ಸೀರೆಯ ಆಚೆಗೂ ಸ್ವಲ್ಪ ಯೋಚಿಸಬೇಕು, ಅಲ್ವಾ? ಆದರೆ ಇದನ್ನು ಯಾರೂ ಕೇಳುವುದಿಲ್ಲ, ನಾಚಿಕೆ.

ಮೇಡಂ ಇನ್ನೊಂದು ಮಾತು ಹೇಳಿದರು. ಆಗ ನನಗೆ ಅದು ಅಷ್ಟು ತಟ್ಟಲಿಲ್ಲ. ಆಪರೇಷನ್ ಅಂದರೆ ಎಲ್ಲ ಮುಗಿದ ಮೇಲೆ ಮಾಡುವುದು ಅಂತ ತಿಳಿಯಬೇಡಿ ಅಂದರು. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬ್ರಿಟನ್‌ನಲ್ಲಿ ಮಾಡಿದ ಒಂದು ಅಧ್ಯಯನದ ಫಲಿತಾಂಶ ಬಂದಿತ್ತು. ಸಣ್ಣ ಕರುಳಿನ ಕೊನೆಯಲ್ಲಿ ಮಾತ್ರ, ಅದೂ ಸ್ವಲ್ಪವೇ ಉದ್ದಕ್ಕೆ ಕಾಯಿಲೆ ಇದ್ದ, ಮಾಮೂಲಿ ಮಾತ್ರೆ ನಾಟದ 143 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉರಿಯೂತ ತಗ್ಗಿಸುವ ಇನ್ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್, ಇನ್ನೊಂದಕ್ಕೆ ಲ್ಯಾಪರೋಸ್ಕೋಪಿಕ್ ಆಪರೇಷನ್. ಒಂದು ವರ್ಷದ ನಂತರ ಎರಡೂ ಗುಂಪಿನ ಬದುಕಿನ ಗುಣಮಟ್ಟ ಹೆಚ್ಚು ಕಡಿಮೆ ಒಂದೇ. ಆಮೇಲೆ, ನನ್ನ ಆಪರೇಷನ್ ಆದ ಮರುವರ್ಷ, ಅದೇ ಜನರ ಸುಮಾರು ಐದು ವರ್ಷದ ಲೆಕ್ಕ ಹೊರಬಂತು. ಇಂಜೆಕ್ಷನ್ ಗುಂಪಿನಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಕೊನೆಗೂ ಆಪರೇಷನ್ ಆಗಿತ್ತು. ಆಪರೇಷನ್ ಗುಂಪಿನಲ್ಲಿ ಯಾರಿಗೂ ಎರಡನೇ ಸಲ ಕರುಳು ಕತ್ತರಿಸಬೇಕಾಗಿ ಬಂದಿರಲಿಲ್ಲ, ಕಾಲು ಭಾಗದಷ್ಟು ಜನ ಮಾತ್ರ ಆ ಥರದ ಇಂಜೆಕ್ಷನ್ ಶುರು ಮಾಡಿದ್ದರು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ನನ್ನಂತೆ ಆಗಲೇ ಕಿರಿದಾಗಿ ಕಟ್ಟಿಕೊಂಡವರು ಆ ಅಧ್ಯಯನದಲ್ಲಿ ಇರಲೂ ಇಲ್ಲ. ಆದರೆ ನನ್ನ ಮಟ್ಟಿಗೆ ಸಣ್ಣ ತೂತಿನ ದೊಡ್ಡ ಕೊಡುಗೆ ಇದೇ. ಹೊಟ್ಟೆ ಉದ್ದಕ್ಕೆ ಸೀಳುವ ಕಾಲದಲ್ಲಿ ಯಾರೂ ಇಂಥ ಹೋಲಿಕೆ ಮಾಡಲು ಧೈರ್ಯ ಮಾಡುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದ ಆಪರೇಷನ್ ಮಧ್ಯಕ್ಕೆ ಬಂತು.

ಮುಂಬೈಯಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ಇನ್ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಥರದ ಇಂಜೆಕ್ಷನ್‌ಗಳು ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಹುದು. ಅದಕ್ಕೇ ಶುರು ಮಾಡುವ ಮೊದಲು ಎದೆ ಎಕ್ಸ್‌ರೇ, ಟಿಬಿ ಪರೀಕ್ಷೆ ಎಲ್ಲ ಮಾಡಿಸುತ್ತಾರೆ. ಲೋಕಲ್‌ನಲ್ಲಿ ದಿನಾ ಇನ್ನೊಬ್ಬರ ಕೆಮ್ಮಿನ ಪಕ್ಕದಲ್ಲೇ ನಿಂತು ಹೋಗುವವರಿಗೆ ಈ ಅಪಾಯ ಆಮ್‌ಸ್ಟರ್‌ಡ್ಯಾಮಿನವರಿಗಿಂತ ಜಾಸ್ತಿ. ಬೆಲೆಯ ವಿಷಯದಲ್ಲಿ ನಮಗೆ ಸ್ವಲ್ಪ ಅನುಕೂಲ ಆಗಿದೆ, 2014ರ ಕೊನೆಯಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮ್ಯಾಬ್‌ನ ಅಗ್ಗದ ರೂಪ ತಂದಿತು. ಆದರೂ ವರ್ಷಗಟ್ಟಲೆ ಕೊಡಬೇಕು ಅಂದಾಗ ಅಗ್ಗ ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ.

ಜೆಜೆ ಆಸ್ಪತ್ರೆಯ ನೆನಪು ಇಲ್ಲಿ ಬೇಕು

ಮುಂಬೈಯಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಡಾ. ತೆಹೆಮ್‌ಟನ್ ಉದ್ವಾಡಿಯಾ ಅವರ ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ. ಭಾಯ್ಖಳಾದ ಜೆಜೆ ಆಸ್ಪತ್ರೆಯಲ್ಲಿ 1970ರ ದಶಕದಿಂದಲೇ ಅವರು ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡುತ್ತಿದ್ದರು, ಕಾಯಿಲೆ ಏನು ಅಂತ ಪತ್ತೆ ಮಾಡಲು. ಸ್ಕ್ಯಾನ್ ಇಲ್ಲದ ಕಾಲ, ಬಡ ರೋಗಿಗಳು. 1990ರಲ್ಲಿ ಅಲ್ಲೇ ನಮ್ಮ ದೇಶದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶದ ಆಪರೇಷನ್ ಮಾಡಿದರು. ಜರ್ಮನಿಯ ಎರಿಚ್ ಮ್ಯೂಹೆ ಜಗತ್ತಿನಲ್ಲೇ ಮೊದಲು ಅದನ್ನು ಮಾಡಿ ಆಗ ಬರೀ ಐದು ವರ್ಷ. ಮ್ಯೂಹೆಗೆ ಅವರ ದೇಶದ ಸರ್ಜನ್‌ಗಳೇ ಗೇಲಿ ಮಾಡಿದ್ದರು. ದೊಡ್ಡ ಸರ್ಜನ್ ಅಂದರೆ ದೊಡ್ಡ ಗಾಯ ಅಂತ ನಂಬಿದ್ದ ಕಾಲ. 2023ರಲ್ಲಿ ಉದ್ವಾಡಿಯಾ ತೀರಿಕೊಂಡಾಗ ಪೇಪರಿನಲ್ಲಿ ಓದಿದೆ, ಸರ್ಕಾರಿ ಆಸ್ಪತ್ರೆಯ ಬಡವರಿಗೇ ಇದು ಮೊದಲು ಬೇಕು ಅನ್ನುವುದು ಅವರ ವಾದವಾಗಿತ್ತು. ಯಾಕೆಂದರೆ ಬೇಗ ಕೆಲಸಕ್ಕೆ ಹೋಗಬೇಕಾದವರು ಅವರೇ.

ಪಿತ್ತಕೋಶದಿಂದ ಕ್ರೋನ್ಸ್‌ಗೆ ಬರಲು ಮಾತ್ರ ಸಮಯ ಹಿಡಿಯಿತು. ಅದಕ್ಕೆ ಕಾರಣ ಇದೆ. ಕರುಳಿಗೆ ರಕ್ತ ತರುವ, ಬೆನ್ನ ಕಡೆಗೆ ಅದನ್ನು ಹಿಡಿದಿಡುವ ಕೊಬ್ಬಿನ ಪದರ ಒಂದಿದೆ, ಮೆಸೆಂಟರಿ. ಕ್ರೋನ್ಸ್‌ನಲ್ಲಿ ಅದು ದಪ್ಪಗಾಗಿ, ಗಡುಸಾಗಿ, ಮುಟ್ಟಿದರೆ ರಕ್ತ ಸುರಿಯುವಂತೆ ಆಗಿರುತ್ತದೆ. ಕರುಳಿನಿಂದ ಕರುಳಿಗೆ, ಕೆಲವೊಮ್ಮೆ ಮೂತ್ರಕೋಶಕ್ಕೂ ಕಾಯಿಲೆಯೇ ದಾರಿ ಕೊರೆದಿರುತ್ತದೆ, ಫಿಸ್ಟುಲಾ. ಎಲ್ಲೋ ಕೀವು ನಿಂತಿರುತ್ತದೆ. ಜೊತೆಗೆ ರೋಗಿ ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದು, ಊಟ ಬಿಟ್ಟು ಸೊರಗಿರುತ್ತಾನೆ. ಹೀಗಾಗಿ ದುರ್ಬೀನಲ್ಲಿ ಶುರು ಮಾಡಿ ಕೊಯ್ದು ಮುಗಿಸುವುದೂ ಉಂಟು. ನನ್ನ ಒಪ್ಪಿಗೆ ಪತ್ರದಲ್ಲೂ ಆ ಸಾಲು ಇತ್ತು, ಅಗತ್ಯ ಬಿದ್ದರೆ ಹೊಟ್ಟೆ ತೆರೆಯಬಹುದು ಅಂತ. ಅಣ್ಣ ಆ ಸಾಲಿಗೆ ಸಹಿ ಹಾಕಲು ಹಿಂದೆಮುಂದೆ ನೋಡಿದ. ಹಾಗೆ ಆದರೆ ಆಪರೇಷನ್ ಫೇಲ್ ಆದ ಹಾಗೆ ಅಂತ ಅವನ ಎಣಿಕೆ. ಅದು ಫೇಲ್ ಅಲ್ಲ. ಕಾಣದ ಜಾಗದಲ್ಲಿ ಹಟಕ್ಕೆ ಬಿದ್ದು ತೂತಿನಲ್ಲೇ ಮಾಡುತ್ತೇನೆ ಅನ್ನುವ ಸರ್ಜನ್‌ಗಿಂತ, ಸಾಕು ಅಂತ ತೆರೆಯುವ ಸರ್ಜನ್ ಕೈಗೆ ನನ್ನ ಹೊಟ್ಟೆ ಕೊಡುತ್ತೇನೆ.

ಕಾರಿಡಾರ್

ಆಪರೇಷನ್ ಹೇಗೆ ಮಾಡುತ್ತಾರೆ ಅಂತ ಈಗ ಯೂಟ್ಯೂಬಿನಲ್ಲಿ ಎಲ್ಲರೂ ನೋಡಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ, ಕ್ಯಾಮೆರಾ ಮತ್ತು ಉದ್ದನೆಯ ಇಕ್ಕಳ ಇಳಿಸುತ್ತಾರೆ, ಕರುಳನ್ನು ಅಂಟಿದ ಜಾಗಗಳಿಂದ ಬಿಡಿಸುತ್ತಾರೆ. ಬಿಡಿಸಿದ ಮೇಲೆ ಹೊಕ್ಕುಳ ಹತ್ತಿರ ನಾಲ್ಕೈದು ಸೆಂಟಿಮೀಟರ್ ಕೊಯ್ದು ಆ ಭಾಗವನ್ನು ಹೊರಗೆಳೆದು, ಕತ್ತರಿಸಿ, ಸೇರಿಸಿ, ವಾಪಸ್ ಒಳಗೆ ಬಿಡುತ್ತಾರೆ. ಅಂದರೆ ತೂತುಗಳ ಜೊತೆ ಒಂದು ಕೊಯ್ತ ಹೇಗೂ ಇರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇನ್ನೊಂದು ಹೇಳದೇ ಇರುವುದು ಭುಜದ ನೋವು. ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ನೋಯುತ್ತಿತ್ತು. ಮಲಗಿಸುವಾಗ ಕೈ ತಿರುಚಿಬಿಟ್ಟರು ಅಂದುಕೊಂಡೆ. ತುಂಬಿದ ಗ್ಯಾಸ್ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆಣಕುತ್ತದೆ, ವಪೆಯ ನರ ಕುತ್ತಿಗೆಯಿಂದ ಬರುವುದರಿಂದ ನೋವು ಭುಜದಲ್ಲಿ ಕಾಣುತ್ತದೆ ಅಂತ ನರ್ಸ್ ಹೇಳಿದರು. ಒಂದೆರಡು ದಿನದಲ್ಲಿ ತಾನಾಗಿ ಹೋಯಿತು.

ಮರುದಿನವೇ ಎಬ್ಬಿಸಿ ನಡೆಸಿದರು. ಹಿಂದೆಲ್ಲ ಕರುಳಿನ ಆಪರೇಷನ್ ಅಂದರೆ ಮೂಗಿಗೆ ನಳಿಕೆ, ವಾರ ಉಪವಾಸ, ಹಾಸಿಗೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಅನ್ನುವ ಸರ್ಜನ್ 1990ರ ದಶಕದಲ್ಲಿ ಇದನ್ನೆಲ್ಲ ಪ್ರಶ್ನೆ ಮಾಡಿ, ಬೇಗ ಉಣ್ಣಿಸಿ, ಬೇಗ ನಡೆಸಿ ಅಂದರು. ಅಮ್ಮನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. "ಎಂತ ಕಟುಕರು ಮಾರಾಯ್ತಿ, ನಿನ್ನೆ ಕೊಯ್ದದ್ದು ಇವತ್ತು ಓಡಿಸ್ತಾರಲ್ಲ" ಅಂತ ನನ್ನ ಡ್ರಿಪ್ ಸ್ಟ್ಯಾಂಡ್ ಹಿಡಿದು ಜೊತೆಗೆ ನಡೆಯುತ್ತಿದ್ದರು. ಆ ಕಾರಿಡಾರ್‌ನಲ್ಲೇ ಆ ಹುಡುಗ ಸಿಕ್ಕಿದ್ದು. ಅಮ್ಮನ ಮಾತು ಕೇಳಿ ತಿರುಗಿ ನೋಡಿ, "ಅಕ್ಕ, ನೀವು ಕುಂದಾಪುರದವ್ರಾ?" ಅಂದ. ಬೈಂದೂರಿನ ಹುಡುಗ. ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನದ್ದು ಅಲ್ಸರೇಟಿವ್ ಕೊಲೈಟಿಸ್. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ರಕ್ತ ಹೋಗಿ, ಮೊದಲು ಪೈಲ್ಸ್ ಅಂತ ಯಾರ್‍ಯಾರೋ ಔಷಧಿ ಕೊಟ್ಟು, ಕೊನೆಗೆ ಬಿದ್ದುಹೋದ ಮೇಲೆ ಇಲ್ಲಿಗೆ ತಂದಿದ್ದರು. ನರಕ್ಕೆ ಸ್ಟಿರಾಯ್ಡ್ ಕೊಟ್ಟರೂ ನಿಲ್ಲಲಿಲ್ಲ. ದೊಡ್ಡ ಕರುಳಿನ ಹೆಚ್ಚಿನ ಭಾಗ ತೆಗೆದುಬಿಟ್ಟರು, ಅದೂ ದುರ್ಬೀನಲ್ಲೇ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಿದ್ದರು.

ಅವನಿಗೆ ಆಪರೇಷನ್ ಒಂದಕ್ಕೇ ಮುಗಿಯುವುದಿಲ್ಲ. ಮೊದಲು ಕರುಳು ತೆಗೆಯುವುದು. ಮೈ ಚೇತರಿಸಿ, ಸ್ಟಿರಾಯ್ಡ್ ನಿಂತ ಮೇಲೆ ಉಳಿದ ಗುದನಾಳವನ್ನೂ ತೆಗೆದು, ಸಣ್ಣ ಕರುಳನ್ನೇ ಮಡಚಿ ಹೊಲಿದು ಒಳಗೆ ಒಂದು ಚೀಲ ಮಾಡುವುದು. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ತೋರಿಸಿಕೊಟ್ಟ ದಾರಿ ಅದು. ಅದು ಒಣಗುವವರೆಗೆ ಮೇಲೆ ಮತ್ತೆ ಚೀಲ. ಮೂರನೇ ಸಲಕ್ಕೆ ಅದನ್ನು ಮುಚ್ಚುವುದು. ಎಲ್ಲ ಸರಿಯಾದರೂ ದಿನಕ್ಕೆ ಐದಾರು ಸಲ ಹೋಗಬೇಕು, ಒಳಗಿನ ಚೀಲಕ್ಕೂ ಆಗಾಗ ಉರಿಯೂತ ಬರಬಹುದು. ಇಷ್ಟನ್ನೂ ಆ ಹುಡುಗನಿಗೆ ಯಾರೋ ವಿವರಿಸಿದ್ದರು, ಅವನು ನನಗೆ ಪಾಠ ಒಪ್ಪಿಸುವಂತೆ ಹೇಳಿದ. ಆಮೇಲೆ ಅವನಿಗೆ ಒಂದು ಫೋನ್ ಬಂತು. ಹೋಟೆಲಿನ ಧಣಿಯದ್ದು. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು, ಜೋರು ಗಂಟಲು. ಕಾಳಜಿ ಇತ್ತು, ಆಸ್ಪತ್ರೆಗೆ ದುಡ್ಡು ಕಟ್ಟಿದವರೂ ಅವರೇ ಅಂತೆ. ಆದರೆ ಕೊನೆಯ ಪ್ರಶ್ನೆ, "ತೂತು ಮಾಡಿದ್ದೇ ಅಲ್ಲನಾ, ಬಪ್ಪು ವಾರ ಬತ್ಯಾ?" ಹುಡುಗ "ಹೂಂ" ಅಂದುಬಿಟ್ಟ! ಸಾಂಬಾರಿನ ಹಂಡೆ ಎತ್ತುವ ಕೆಲಸ ಅವನದ್ದು. ಸಣ್ಣ ತೂತಾದರೂ ಒಂದೂವರೆ ತಿಂಗಳು ಭಾರ ಎತ್ತಬೇಡಿ ಅಂತಾರೆ, ಹರ್ನಿಯಾ ಆಗುತ್ತದೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಎಂಟು ಹತ್ತು ಹುಡುಗರ ಜೊತೆ ಮಲಗುವವನು ಅವನು, ಎಲ್ಲರಿಗೂ ಸೇರಿ ಒಂದೇ ಪಾಯಿಖಾನೆ. ಅಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಂತು ಚೀಲ ಖಾಲಿ ಮಾಡಬೇಕು. ಗಾಯ ಉದ್ದ ಇದ್ದಿದ್ದರೆ ಧಣಿ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಇದನ್ನು ನಾನು ಯಾವ ಸರ್ಜನ್‌ಗೂ ಹೇಳಲಾರೆ, ಆದರೆ ನಿಜ. ದೊಡ್ಡ ಗಾಯಕ್ಕೆ ಸಿಗುವ ರಜೆ ಸಣ್ಣ ಗಾಯಕ್ಕೆ ಸಿಗುವುದಿಲ್ಲ.

ಅಮ್ಮ ಅವನಿಗೆ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿ ಅಂದರು. ಆಶ್ಚರ್ಯ ಏನೆಂದರೆ ನರ್ಸ್ ಕೂಡ ಅದನ್ನೇ ಹೇಳುತ್ತಿದ್ದರು. ದೊಡ್ಡ ಕರುಳು ಇಲ್ಲದವರಿಗೆ ನೀರು ಮತ್ತು ಉಪ್ಪು ಬೇಗ ಹೊರಗೆ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು. ಚೀಲದ ವಿಷಯ ಕಲಿಯಲು ಪರೇಲಿನ ಟಾಟಾ ಆಸ್ಪತ್ರೆಯ ಸ್ಟೋಮಾ ಕ್ಲಿನಿಕ್ ಹಳೆಯ ಜಾಗ. ಸ್ಟೋಮಾ ಅಂದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಾಡಿದ ಬಾಯಿ. ಕ್ಯಾನ್ಸರ್ ರೋಗಿಗಳಿಂದಾಗಿ ಅಲ್ಲಿ ಆ ವಿದ್ಯೆ ಬೆಳೆದಿದೆ, ನರ್ಸ್‌ಗಳಿಗೆ ತರಬೇತಿಯೂ ಅಲ್ಲೇ. ಅಲ್ಲಿ ಕಲಿತ ಒಬ್ಬ ಸಿಸ್ಟರ್ ಬಂದು ಹುಡುಗನಿಗೆ ಚೀಲ ಕತ್ತರಿಸಿ ಅಂಟಿಸುವುದನ್ನು ತೋರಿಸಿದರು. ಅವನ ಕೈ ಚುರುಕು, ತಕ್ಷಣ ಕಲಿತ. ಆಮೇಲೆ ಊರಿಗೆ ಹೋದ ಅಂತ ಕೇಳಿದೆ. ಎರಡನೇ ಆಪರೇಷನ್‌ಗೆ ಬಂದನಾ ಅಂತ ಗೊತ್ತಿಲ್ಲ, ಅವನ ನಂಬರ್ ಈಗ ಹೋಗುವುದಿಲ್ಲ.

ಆಮೇಲೂ ಮಾತ್ರೆ ಯಾಕೆ

ಆರು ತಿಂಗಳಿಗೆ ನನಗೆ ಸ್ಕೋಪ್ ಹಾಕಿದರು. ಆಗ ದೊಡ್ಡಮ್ಮ ಸಿಟ್ಟಾದರು, ಕೆಟ್ಟದ್ದು ತೆಗೆದಾಯಿತಲ್ಲ, ಮತ್ತೆ ಯಾಕೆ ಒಳಗೆ ನೋಡುವುದು ಅಂತ. ನೋಡಬೇಕು. ಹೊಟ್ಟೆ ಸುಮ್ನೆ ಇರುತ್ತದೆ, ಸೇರಿಸಿದ ಜಾಗದಲ್ಲಿ ಹುಣ್ಣು ಶುರುವಾಗಿರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಮಾಡಿದ, 2015ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ತೋರಿಸಿತು, ಆರು ತಿಂಗಳಿಗೆ ಸ್ಕೋಪ್ ಹಾಕಿ ಅದರಂತೆ ಔಷಧಿ ಏರಿಸಿದವರಲ್ಲಿ ಕಾಯಿಲೆ ಮರಳುವುದು ಕಡಿಮೆ. ನನಗೆ ನಾಲ್ಕಾರು ಸಣ್ಣ ಹುಣ್ಣು ಕಂಡವು, ಔಷಧಿ ಬದಲಾಯಿತು. ಸಣ್ಣ ಕರುಳಿನ ಕೊನೆ ಇಲ್ಲದ್ದರಿಂದ ವಿಟಮಿನ್ ಬಿ12 ಹೀರಿಕೊಳ್ಳುವುದು ಕಡಿಮೆ, ಅದಕ್ಕೆ ಇಂಜೆಕ್ಷನ್. ಪಿತ್ತರಸ ಹೆಚ್ಚಾಗಿ ಕೆಳಗೆ ಹರಿಯುವುದರಿಂದ ಕೆಲವು ದಿನ ಈಗಲೂ ಓಟ ಇದೆ. ಆದರೆ ನೋವಿಲ್ಲ. ಬೆಳಿಗ್ಗೆ ನೀರ್ ದೋಸೆ ತಿಂದು ಹೊರಡುತ್ತೇನೆ, ಫಾಸ್ಟ್ ಹಿಡಿಯುತ್ತೇನೆ. ಮದುವೆಯೂ ಆಯಿತು. ಗಂಡನಿಗೆ ಮೊದಲೇ ಎಲ್ಲ ಹೇಳಿದ್ದೆ, ಅವರು ಕೇಳಿದ್ದು ಖಾರ ತಿನ್ನಬಹುದಾ ಅಂತ ಮಾತ್ರ.

ಹೋದ ತಿಂಗಳು ಪುಣೆಯ ಕೋಥ್ರೂಡಿನಿಂದ ಗಂಡನ ಕಡೆಯ ನೆಂಟರ ಫೋನ್ ಬಂತು. ಮಗನಿಗೆ ಕ್ರೋನ್ಸ್, ಕರುಳು ಕಿರಿದಾಗಿದೆ, ಆಪರೇಷನ್ ಹೇಳಿದ್ದಾರೆ. "ದುರ್ಬೀನಲ್ಲಿ ಆಗುತ್ತೆ ಅಂತ ಗ್ಯಾರಂಟಿ ಕೊಟ್ರೆ ಮಾಡಿಸ್ತೀವಿ ಮಗಾ, ಇಲ್ಲಾಂದ್ರೆ ಇನ್ನೂ ನಾಲ್ಕು ದಿನ ಮಾತ್ರೆಲೇ ತಳ್ಳೋಣ ಅಂತ." ನಾನು ಹೇಳಿದೆ, ಚಿಕ್ಕಪ್ಪ, ಗ್ಯಾರಂಟಿ ಯಾರೂ ಕೊಡಲ್ಲ, ಕೊಟ್ಟರೆ ಅಂಥವರ ಹತ್ತಿರ ಹೋಗಬೇಡಿ. ಆದರೆ ತಳ್ಳಿದಷ್ಟೂ ಒಳಗೆ ಕೀವು ಕಟ್ಟುತ್ತೆ, ದಾರಿ ಕೊರೆಯುತ್ತೆ, ಆಗ ದುರ್ಬೀನು ಕೈಬಿಡಬೇಕಾಗುತ್ತೆ, ಚೀಲವೂ ಬರಬಹುದು. ಸಣ್ಣ ತೂತು ಬೇಕಿದ್ದರೆ ಬೇಗ ಹೋಗಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಖರ್ಚು ಕೇಳಿದರು. ಕರುಳು ಸೇರಿಸುವ ಸ್ಟೇಪ್ಲರ್ ಖರ್ಚು ಬೇರೆ ಬರುತ್ತೆ, ಮೊದಲೇ ಕೇಳಿಟ್ಟುಕೊಳ್ಳಿ ಅಂದೆ. ಇನ್ಶೂರೆನ್ಸಿನವರಿಗೆ ಕಾಯಿಲೆ ಹೆಸರು ಸರಿಯಾಗಿ ಬರೆಸಿ ಅಂದೆ. ಹುಡುಗನ ತೂಕ ಎಷ್ಟಿದೆ ಅಂತ ಕೇಳಿದೆ, ಸೊರಗಿದ ಮೈಗೆ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ, ಮೊದಲು ಡಯಟೀಷಿಯನ್ ನೋಡಬೇಕು. ಸ್ಟಿರಾಯ್ಡ್ ಎಷ್ಟು ತಗೋತಿದ್ದಾನೆ ಅಂದಾಗ ಅವರಿಗೆ ಗೊತ್ತಿರಲಿಲ್ಲ, ಚಿಕ್ಕಮ್ಮನನ್ನು ಕರೆದು ಚೀಟಿ ಹುಡುಕಿಸಿದರು. ದಿನಕ್ಕೆ 20 ಮಿಲಿಗ್ರಾಂ, ನಾಲ್ಕು ತಿಂಗಳಿಂದ. ಅದನ್ನು ಇಳಿಸದೆ ಆಪರೇಷನ್ ಮಾಡಿದರೆ ಹೊಲಿಗೆ ಬಿಡುವ, ಸೋಂಕಾಗುವ ಭಯ ಜಾಸ್ತಿ, ನೀವಾಗಿ ನಿಲ್ಲಿಸುವ ಹಾಗೂ ಇಲ್ಲ, ನಾಳೆಯೇ ಡಾಕ್ಟರಿಗೆ ಇದನ್ನು ತೋರಿಸಿ ಅಂದೆ. ನಾಳೆ ಆಗಲ್ಲ, ಸೋಮವಾರ ಹೋಗ್ತೀವಿ ಅಂದರು. ಸೋಮವಾರ ಹೋದರಂತೆ.